ಏನು ಕೆಲಸ ಮಾಡ್ತಿದ್ದಿರಿ?



ಈ ದತ್ತಿ ಉಪನ್ಯಾಸದ ವಿಷಯ ಈ ಸೀಮೆಯ ಜನರ ಬದುಕಿಗೆ ಸಂಬಂಧಪಟ್ಟಿರಬೇಕು ಎಂದು ದತ್ತಿಯ ಪತ್ರದಲ್ಲಿ ಒಂದು ಸಾಲಿದೆ. ನನ್ನನ್ನು ಕರೆಯಲು ಮನೆಗೆ ಬಂದವರು ಕ್ಷಯರೋಗದ ಬಗ್ಗೆ ಮಾತಾಡಿ ಎಂದರು. ಎದೆರೋಗದ ವೈದ್ಯನಿಗೆ ಅದೇ ಸಹಜವಾದ ವಿಷಯ. ಆದರೆ ಕ್ಷಯವೆಂದು ಹೆಸರು ಹೊತ್ತು, ಕ್ಷಯದ ಮಾತ್ರೆ ನುಂಗಿ, ಗುಣವಾಗದೆ ತೀರಿಕೊಂಡ ಅನೇಕರ ಎದೆಯಲ್ಲಿ ಇದ್ದದ್ದು ಕಲ್ಲಿನ ಧೂಳು. ಇವತ್ತು ಅವರ ಮಾತು ಆಡುತ್ತೇನೆ, ಒಪ್ಪಿಕೊಳ್ಳಿ ಎಂದು ಕೇಳಿಕೊಂಡೆ. ಒಪ್ಪಿದರು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಒಂದು ಕಂದಾಯ ಉಪವಿಭಾಗವೆಂದು ನಮಗೆಲ್ಲ ಗೊತ್ತು. ಕಚೇರಿಗಳು ಬರುವ ಎಷ್ಟೋ ಮುಂಚೆಯೇ ಇದು ಕಲ್ಲಿನ ಸೀಮೆ. ಇಲ್ಲಿ ಮಧುಗಿರಿಯಲ್ಲಿ ತಲೆ ಎತ್ತಿದರೆ ಏಕಶಿಲಾ ಬೆಟ್ಟ. ಕೊರಟಗೆರೆ ಕಡೆಗೆ ಚನ್ನರಾಯನದುರ್ಗ, ಸಿದ್ಧರಬೆಟ್ಟ. ಪಾವಗಡದಲ್ಲಿ ಊರ ನೆತ್ತಿಯ ಮೇಲೆ ಕೋಟೆ, ಅದರಾಚೆ ನಿಡಗಲ್ಲು. ಶಿರಾದಲ್ಲಿ ಮಲಿಕ್ ರೆಹಾನ್ ದರ್ಗಾ, 1696ರಲ್ಲಿ ಕಟ್ಟಿದ ಜುಮ್ಮಾ ಮಸೀದಿ. ಶಿರಾಕ್ಕೆ ಹೋದಾಗ ಆ ಮಸೀದಿಯ ಕೆತ್ತಿದ ಕಲ್ಲುಗಳ ಮೇಲೆ ಒಮ್ಮೆ ಕೈಯಾಡಿಸಿ ನೋಡಿ. ಅಷ್ಟು ನಯಕ್ಕೆ ಬರಬೇಕಾದರೆ ಉಳಿ ಎಷ್ಟು ದಿನ ಆಡಿರಬೇಕು! ಕಟ್ಟಿಸಿದವರ ಹೆಸರು ಚರಿತ್ರೆಯಲ್ಲಿದೆ. ಕೆತ್ತಿದವರ ಹೆಸರಿಲ್ಲ. ಅವರಿಗೆ ಎಷ್ಟನೇ ವಯಸ್ಸಿನಲ್ಲಿ ಕೆಮ್ಮು ಶುರುವಾಯಿತು ಎಂದು ಯಾರೂ ಬರೆದಿಟ್ಟಿಲ್ಲ.

ಈ ಬೆಟ್ಟಸಾಲನ್ನು ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂದರೆ ಈಗಿನ ರಾಮನಗರ. ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಹರಡಿದ, ಸುಮಾರು 250 ಕೋಟಿ ವರ್ಷ ಹಳೆಯ ಬಂಡೆ ಇದು. ಮಧುಗಿರಿಯ ಬೆಟ್ಟವೂ ಇದರದೇ ತುಂಡು. ಈ ಕಲ್ಲಿನ ಚೂರೊಂದನ್ನು ಬಿಸಿಲಿಗೆ ಹಿಡಿದರೆ ಮೂರು ಬಣ್ಣ ಕಾಣುತ್ತದೆ. ನಸುಗೆಂಪು ಹರಳು ಫೆಲ್ಡ್‌ಸ್ಪಾರ್. ಕಪ್ಪಗೆ ಮಿನುಗುವುದು ಅಭ್ರಕ, ನಾವು ಹುಡುಗರಾಗಿದ್ದಾಗ ಕಾಗೆಬಂಗಾರ ಎಂದು ಆರಿಸುತ್ತಿದ್ದೆವಲ್ಲ, ಅದೇ. ಗಾಜಿನ ಹಾಗೆ ಹೊಳೆಯುವ ಬೂದುಬಿಳಿ ಹರಳು ಬೆಣಚು. ಕತ್ತಲಲ್ಲಿ ಎರಡು ಬೆಣಚುಕಲ್ಲು ಉಜ್ಜಿ ಕಿಡಿ ಹಾರಿಸದ ಹಳ್ಳಿ ಹುಡುಗ ಇಲ್ಲ. ಗ್ರಾನೈಟಿನಲ್ಲಿ ಐದರಲ್ಲಿ ಒಂದು ಪಾಲಾದರೂ ಬೆಣಚು ಇರುತ್ತದೆ, ಕೆಲವು ಕಡೆ ಮೂರರಲ್ಲಿ ಒಂದು ಪಾಲು. ಬೆಣಚು ಎಂದರೆ ಶುದ್ಧ ಸಿಲಿಕಾ. ಬಂಡೆಯಲ್ಲಿ ಕೂತಿರುವವರೆಗೆ ಅದು ಯಾರಿಗೂ ಕೇಡು ಮಾಡದು. ಪುಡಿಯಾಗಿ ಗಾಳಿಗೆ ಸೇರಿದಾಗ ಅದರ ಸ್ವಭಾವವೇ ಬೇರೆ.

ನಾನು ಇದನ್ನು ಕಲಿತದ್ದು ತಡವಾಗಿ. ಕಲಿಸಿದವರು ಒಬ್ಬ ಹೆಣ್ಣುಮಗಳು. ಇಪ್ಪತ್ತು ವರ್ಷದ ಹಿಂದಿನ ಮಾತು. ಆಗ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದೆ. ಮೂವತ್ತೆಂಟು ವರ್ಷದ ಒಬ್ಬರು ಮೂರನೇ ಸಲ ನನ್ನ ಬಳಿ ಬಂದರು. ಹೊರರೋಗಿ ಚೀಟಿಯಲ್ಲಿ ಹೆಸರು, ವಯಸ್ಸು, ಊರು. ಎರಡು ಸಲ ಆರಾರು ತಿಂಗಳು ಟಿ.ಬಿ. ಮಾತ್ರೆ ಮುಗಿಸಿದ್ದರು. ಎರಡು ಸಲವೂ ಕಫದಲ್ಲಿ ಕ್ರಿಮಿ ಸಿಕ್ಕಿರಲಿಲ್ಲ. ಎಕ್ಸ್-ರೇ ನೋಡಿಯೇ ಮಾತ್ರೆ ಕೊಟ್ಟದ್ದು. ಹೊಸ ಎಕ್ಸ್-ರೇಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದೆ. ಎರಡೂ ಶ್ವಾಸಕೋಶದ ಮೇಲುಭಾಗದಲ್ಲಿ ಗಸಗಸೆ ಚೆಲ್ಲಿದ ಹಾಗೆ ಬಿಳಿಯ ಚುಕ್ಕೆ. ಮತ್ತೆ ಟಿ.ಬಿ. ಎಂದೇ ಬರೆಯಲು ಪೆನ್ನು ತೆಗೆದಿದ್ದೆ.

ಬಾಗಿಲ ಪಕ್ಕ ನಿಂತಿದ್ದ ಅವರ ಹೆಂಡತಿ ಅಲ್ಲಿಂದಲೇ ಅಂದರು: “ಸಾರ್, ಇವರ ಅಣ್ಣಾರೂ ಹಿಂಗೇ ಮಾತ್ರೆ ನುಂಗ್ಕಂಡು ನುಂಗ್ಕಂಡು ಹೋಗ್ಬುಟ್ರು. ಇವರ ಜತೇಲಿ ಮಿಷನ್ ಹಿಡೀತಿದ್ದೋರು ಮೂರು ಜನ ಈಗಿಲ್ಲ.”

“ಯಾವ ಮಿಷನ್ನಮ್ಮ? ಏನಪ್ಪಾ, ಏನು ಕೆಲಸ ಮಾಡ್ತಿದ್ದೆ?”

ಅವರಿಗೆ ಮಾತಾಡಲು ಉಸಿರು ಸಾಲದು. ಎರಡೂ ಕೈಯನ್ನು ಮುಂದೆ ಚಾಚಿ, ಮುಷ್ಟಿ ಬಿಗಿದು, ಹೊಟ್ಟೆಗೆ ಆನಿಸಿಕೊಂಡ ಹಾಗೆ ಮಾಡಿ ಅಲುಗಾಡಿಸಿ ತೋರಿಸಿದರು. ಜಾಕ್ ಹ್ಯಾಮರ್. ಹದಿನಾರನೇ ವಯಸ್ಸಿನಿಂದ ಕ್ವಾರಿಯಲ್ಲಿ ಕಂಪ್ರೆಸರ್ ಗಾಡಿಯ ಹಿಂದೆ ಬಂಡೆಗೆ ಗುಳಿ ಹೊಡೆದವರು. ಆ ಕೈಗಳನ್ನು ನಾನು ಮರೆತಿಲ್ಲ. ಅವರಿಗಿದ್ದದ್ದು ಸಿಲಿಕೋಸಿಸ್. ಮೊದಲ ಭೇಟಿಯಲ್ಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಮೂರನೇ ಭೇಟಿಯಲ್ಲಿ, ಅದೂ ಅವರ ಹೆಂಡತಿ ದಾರಿ ತೋರಿಸಿದ ಮೇಲೆ ಕೇಳಿದೆ. ಮುಂದೆ ಹದಿನಾಲ್ಕು ತಿಂಗಳು ಬದುಕಿದ್ದರು.

ಇಟಲಿಯ ಮೊಡೆನಾದಲ್ಲಿ ರಾಮಜ್ಜೀನಿ ಎಂಬ ವೈದ್ಯ 1700ರಲ್ಲಿ ಕಸುಬುದಾರರ ಕಾಯಿಲೆಗಳ ಮೇಲೆ ಒಂದು ಪುಸ್ತಕ ಬರೆದ. ಕಲ್ಲುಕುಟಿಗರ ಎದೆಯ ಕಾಯಿಲೆಯೂ ಅದರಲ್ಲಿದೆ. ರೋಗಿಗೆ ಕೇಳಬೇಕಾದ ಪ್ರಶ್ನೆಗಳನ್ನು ಹಿಪ್ಪೊಕ್ರೆಟಿಸ್ ಹೇಳಿದ್ದಾನೆ, ಅವುಗಳ ಜೊತೆಗೆ ನಿನ್ನ ಕಸುಬು ಏನು ಎಂಬುದನ್ನೂ ಕೇಳಿ ಎಂದು ಆತ ವೈದ್ಯರಿಗೆ ಹೇಳಿದ. 300 ವರ್ಷ ಕಳೆದಿದೆ. ಕಾಲೇಜಿನಲ್ಲಿ ಆತನ ಹೆಸರು ಓದಿ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವನು ನಾನು. ಆಸ್ಪತ್ರೆಯ ಮೇಜಿನ ಮುಂದೆ ಕೂತಾಗ ಆ ಪ್ರಶ್ನೆ ನನ್ನ ಬಾಯಿಗೆ ಬರಲಿಲ್ಲ. ರಾಮಜ್ಜೀನಿಗಿಂತ ಹಿಂದೆಯೇ, 1556ರಲ್ಲಿ ಪ್ರಕಟವಾದ ಅಗ್ರಿಕೋಲನ ಗಣಿಗಾರಿಕೆಯ ಗ್ರಂಥದಲ್ಲಿ ಒಂದು ಮಾತು ಬರುತ್ತದೆ: ಕಾರ್ಪೇಥಿಯನ್ ಬೆಟ್ಟಗಳ ಗಣಿಗಳಲ್ಲಿ ಏಳು ಗಂಡಂದಿರನ್ನು ಮದುವೆಯಾಗಿ ಏಳು ಜನರನ್ನೂ ಕಳೆದುಕೊಂಡ ಹೆಂಗಸರಿದ್ದರಂತೆ. ನನ್ನ ಬಾಗಿಲಲ್ಲಿ ನಿಂತಿದ್ದ ಹೆಣ್ಣುಮಗಳು ಲೆಕ್ಕ ಹೇಳಿದ್ದೂ ಹಾಗೆಯೇ.

ಎದೆಯೊಳಗೆ ಏನಾಗುತ್ತದೆ ಎಂದು ಹೇಳಬೇಕು. ನಮ್ಮ ಕಣ್ಣಿಗೆ ಕಾಣುವ ಧೂಳು ಮೂಗಿನ ಕೂದಲಲ್ಲಿ, ಗಂಟಲ ಲೋಳೆಯಲ್ಲಿ ಸಿಕ್ಕಿಬೀಳುತ್ತದೆ. ಕೆಮ್ಮಿ ಉಗುಳಿದರೆ ಹೋಗುತ್ತದೆ. ಕಾಣದ ಧೂಳೇ ಕೇಡಿನದು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಳ್ಳಿ. ಅದರ ಹದಿನಾಲ್ಕನೇ ಒಂದು ಭಾಗ, ಅಂದರೆ 5 ಮೈಕ್ರಾನಿಗಿಂತ ಸಣ್ಣ ಕಣ, ಗಾಳಿಗೂಡಿನ ತನಕ ಇಳಿಯುತ್ತದೆ. 1 ಮೈಕ್ರಾನಿನ ಕಲ್ಲಿನ ಕಣ ಗಾಳಿಯಾಡದ ಕೋಣೆಯಲ್ಲಿ ಆಳೆತ್ತರದಿಂದ ನೆಲ ಮುಟ್ಟಲು ಐದು ಗಂಟೆ ಬೇಕು. ಬೆಳಿಗ್ಗೆ ಎದ್ದ ಧೂಳನ್ನು ಮಧ್ಯಾಹ್ನ ಊಟದ ಬುತ್ತಿ ಬಿಚ್ಚುವಾಗಲೂ ಉಸಿರಾಡುತ್ತಿರುತ್ತಾರೆ ಎಂದಾಯಿತು. ಗಾಳಿಗೂಡಿನಲ್ಲಿ ಕಾವಲಿಗಿರುವ ಜೀವಕೋಶ ಆ ಕಣವನ್ನು ಕ್ರಿಮಿ ಎಂದು ತಿಳಿದು ನುಂಗುತ್ತದೆ. ಅರಗಿಸಲಾರದು, ಕಲ್ಲು ತಾನೆ. ಕೋಶ ಒಡೆದು ಸಾಯುತ್ತದೆ. ಕಣ ಹಾಗೇ ಹೊರಬೀಳುತ್ತದೆ. ಇನ್ನೊಂದು ಕೋಶ ಬಂದು ನುಂಗುತ್ತದೆ, ಅದೂ ಸಾಯುತ್ತದೆ. ಸತ್ತ ಕಡೆಯಲ್ಲೆಲ್ಲ ಗಾಯ, ಗಾಯ ಮಾಯ್ದ ಕಡೆಯಲ್ಲೆಲ್ಲ ಕಲೆಯ ಗಂಟು. ಹತ್ತಿಯ ಹಾಗೆ ಅರಳಬೇಕಾದ ಶ್ವಾಸಕೋಶ ಗಂಟುಗಂಟಾಗಿ ಬಿಗಿಯುತ್ತದೆ. ಕೆಲಸ ಬಿಟ್ಟ ಮೇಲೂ ಇದು ನಿಲ್ಲದು, ಒಳಗಿನ ಕಲ್ಲು ಒಳಗೇ ಇದೆಯಲ್ಲ. ಅದನ್ನು ತೆಗೆಯುವ ಮದ್ದು ಇನ್ನೂ ಬಂದಿಲ್ಲ.

ಸಾಧಾರಣ ಧೂಳಿನಲ್ಲಿ ದುಡಿದವರಿಗೆ ಹತ್ತು ಹದಿನೈದು ಇಪ್ಪತ್ತು ವರ್ಷಕ್ಕೆ ಕಾಣಿಸಿಕೊಳ್ಳುತ್ತದೆ. ಧೂಳು ಹೆಚ್ಚಾದರೆ ಐದು ಹತ್ತು ವರ್ಷಕ್ಕೇ. ತೀರಾ ದಟ್ಟವಾದರೆ ತಿಂಗಳುಗಳಲ್ಲಿ. ಮೊದಲು ಬೆಟ್ಟ ಹತ್ತುವಾಗ ಏದುಸಿರು, ಆಮೇಲೆ ಕೊಡ ಎತ್ತಿದರೆ, ಕೊನೆಗೆ ಅಂಗಿ ತೊಟ್ಟರೂ ಏದುಸಿರು. ಊರಲ್ಲಿ ಇದಕ್ಕೆ ದಮ್ಮು, ಗೂರಲು, ಎದೆ ಹಿಡಿತ ಎಂದು ಹೆಸರು. ಬೀಡಿ ಸೇದಿ ಕೆಡಿಸಿಕೊಂಡ ಎಂದೂ ಅನ್ನುತ್ತಾರೆ. ಬೀಡಿ ಒಳ್ಳೆಯದಲ್ಲ, ಬಿಡಲೇಬೇಕು. ಆದರೆ ಈ ಗಂಟುಗಳು ಬೀಡಿಯಿಂದ ಬಂದವಲ್ಲ, ಕೂಲಿಯಿಂದ ಬಂದವು.

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಸಿಲಿಕಾ ಹೊಕ್ಕ ಎದೆಗೆ ಟಿ.ಬಿ. ಹಲವು ಪಟ್ಟು ಸುಲಭವಾಗಿ ಅಂಟುತ್ತದೆ. ಕಾವಲು ಕೋಶಗಳೇ ಸತ್ತ ಮೇಲೆ ಕ್ರಿಮಿಯನ್ನು ತಡೆಯುವವರು ಯಾರು? ಎರಡೂ ಒಟ್ಟಿಗೆ ಇರುವವರು ಬಹಳ ಜನ. ಹೀಗಾಗಿ ನನ್ನ ಮಾತು ಕೇಳಿ ಯಾರೂ ಟಿ.ಬಿ. ಮಾತ್ರೆ ನಿಲ್ಲಿಸಬೇಡಿ. ಕಫ ಪರೀಕ್ಷೆ ಮಾಡಿಸಿ, ಕ್ರಿಮಿ ಇದ್ದರೆ ಮಾತ್ರೆ ಪೂರ್ತಿ ಮುಗಿಸಿ. ಜೊತೆಗೆ ಧೂಳಿನ ವಿಷಯವನ್ನೂ ವೈದ್ಯರ ಕಿವಿಗೆ ಹಾಕಿ. ಇನ್ನೊಂದು ಅಂಶ: ಸಿಲಿಕಾ ಧೂಳು ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿಬಿಟ್ಟಿದೆ.

ಕಲ್ಲು ಕೆಲಸ ಈ ಸೀಮೆಗೆ ಹೊಸದಲ್ಲ, ಹಿಂದಿನವರಿಗೆ ಆಗದ್ದು ಈಗಿನವರಿಗೆ ಯಾಕೆ ಎಂದು ಕೇಳುವವರಿದ್ದಾರೆ. ಹಿಂದಿನವರಿಗೂ ಆಗುತ್ತಿತ್ತು. ಆದರೆ ಕೆಲಸದ ರೀತಿ ಬೇರೆಯಿತ್ತು. ಭೋವಿ ಸಮುದಾಯದ ಹಿರಿಯರು ಚಪ್ಪಡಿ ಎಬ್ಬಿಸುತ್ತಿದ್ದುದನ್ನು ನಾನು ಹುಡುಗನಾಗಿ ನೋಡಿದ್ದೇನೆ. ಹಾಸುಬಂಡೆಯ ಮೇಲೆ ಸೌದೆ ಹರಡಿ ಬೆಂಕಿ ಹಾಕುವುದು. ಬಂಡೆ ಕಾದು ಉಬ್ಬುತ್ತಾ ಹೋದಂತೆ ಬೆಂಕಿಯನ್ನು ಇಷ್ಟಿಷ್ಟೇ ಮುಂದಕ್ಕೆ ಸರಿಸುವುದು. ಅಜ್ಜ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು, ಕಿವಿಗೊಟ್ಟು, ಸದ್ದು ಪೊಳ್ಳಾಗಿ ಕೇಳಿದ ಕಡೆ ಪದರ ಎದ್ದಿದೆ ಎನ್ನುತ್ತಿದ್ದ. ಆಮೇಲೆ ದಾರ ಹಿಡಿದ ಹಾಗೆ ನೇರಕ್ಕೆ ಉಳಿಯಲ್ಲಿ ಸಣ್ಣ ಗುಳಿಗಳ ಸಾಲು, ಹಾರೆ ಹಾಕಿ ಮೀಟಿದರೆ ಚಪ್ಪಡಿ. ಕೈಯಲ್ಲಿ ಒಡೆದರೆ ಏಳುವ ಪುಡಿಯಲ್ಲಿ ದಪ್ಪ ಕಣವೇ ಹೆಚ್ಚು, ಕೆಲಸವೂ ಬಯಲಲ್ಲಿ, ದಿನಕ್ಕೆ ಒಡೆಯುವುದೂ ಇಷ್ಟೇ. ಮಿಷನ್ ಬಂದ ಮೇಲೆ ಒಂದು ದಿನದ ಕೆಲಸ ಒಂದು ಗಂಟೆಯದಾಯಿತು, ಧೂಳೂ ಹಾಗೇ. ಜಾಕ್ ಹ್ಯಾಮರ್ ಗುಳಿಯ ತಳದಿಂದ ಪುಡಿಯನ್ನು ಗಾಳಿಯಲ್ಲಿ ಊದಿ ಮೇಲಕ್ಕೆ ಎಸೆಯುತ್ತದೆ, ಎಸೆಯುವುದು ಹಿಡಿದವನ ಮುಖದ ಮಟ್ಟಕ್ಕೇ. ಆಗತಾನೇ ಒಡೆದ ಬೆಣಚಿನ ಮೈ ಹಳೆಯ ಪುಡಿಗಿಂತ ಹೆಚ್ಚು ವಿಷ ಎನ್ನುವುದೂ ಪ್ರಯೋಗಗಳಲ್ಲಿ ಗೊತ್ತಾಗಿದೆ.

ಆಮೇಲೆ ಕ್ರಷರ್ ಬಂತು. ಜಲ್ಲಿ ಸಾಲದೆ ಎಂ-ಸ್ಯಾಂಡ್ ಬಂತು. ಜಯಮಂಗಲಿಯ ಮರಳನ್ನು ಬಾಚಿ ಬಾಚಿ ಹೊಳೆಯ ಹೊಟ್ಟೆ ಖಾಲಿ ಮಾಡಿದ್ದನ್ನು ಕೊರಟಗೆರೆ, ಮಧುಗಿರಿಯ ಜನ ಕಣ್ಣಾರೆ ಕಂಡಿದ್ದೀರಿ. ಹೊಳೆಯನ್ನು ಉಳಿಸಲು ಎಂ-ಸ್ಯಾಂಡ್ ಬೇಕು ಎಂದು ನಾನೂ ಒಪ್ಪುತ್ತೇನೆ. ಆದರೆ ಹೊಳೆ ಸಾವಿರಾರು ವರ್ಷ ಉರುಳಿಸಿ ತೊಳೆದು ಮಾಡಿದ ಕೆಲಸವನ್ನು ಮಿಷನ್ ನಿಮಿಷದಲ್ಲಿ ಒಣಗಿನಲ್ಲಿ ಮಾಡುತ್ತದೆ. ಹೊಳೆ ತೊಳೆದುಕೊಂಡು ಹೋಗುತ್ತಿದ್ದ ನವುರು ಪುಡಿ ಇಲ್ಲಿ ಗಾಳಿಗೆ ಸೇರುತ್ತದೆ. ನೀರು ಸಿಂಪಡಿಸದ ಕ್ರಷರ್ ಪಕ್ಕದ ಹುಣಸೆ ಮರವನ್ನು ನೋಡಿ. ಎಲೆ ಹಸಿರೋ ಬಿಳಿಯೋ ಎಂದು ಬೆರಳಲ್ಲಿ ಒರೆಸಿ ತಿಳಿಯಬೇಕು. ಸಂಜೆ ಕೆಲಸ ಬಿಟ್ಟಾಗ ಹುಡುಗರು ಕಂಪ್ರೆಸರ್ ಪೈಪು ಹಿಡಿದು ಒಬ್ಬರ ಮೈಯ ಧೂಳನ್ನು ಇನ್ನೊಬ್ಬರು ಊದಿ ತೆಗೆಯುತ್ತಾರೆ. ದಿನವೆಲ್ಲ ಕುಡಿದ ಧೂಳಿಗಿಂತ ಆ ಎರಡು ನಿಮಿಷದ ಗಾಳಿ ದಟ್ಟವಾಗಿರುತ್ತದೆ. ಮನೆಗೆ ಹೋದ ಮೇಲೆ ಅಂಗಿ ಕೊಡವುವವರು ಹೆಂಡತಿ ಅಥವಾ ತಾಯಿ. ಮೂಗಿಗೆ ಕಟ್ಟಿದ ಟವಲು ಕಣ್ಣಿಗೆ ಕಾಣುವ ಧೂಳನ್ನು ಹಿಡಿಯುತ್ತದೆ. ಕೊಲ್ಲುವ ಕಣಕ್ಕೆ ಆ ನೇಯ್ಗೆಯ ಸಂದು ಹೆಬ್ಬಾಗಿಲು.

ಎಷ್ಟು ಧೂಳು ಹೆಚ್ಚಾಯಿತು ಎನ್ನುವುದಕ್ಕೆ ನಮ್ಮ ಸೀಮೆಯ ಅಳತೆಯಲ್ಲೇ ಹೇಳುತ್ತೇನೆ. ಅಮೆರಿಕದ ಕಾನೂನು 2016ರಿಂದ ಒಂದು ಘನ ಮೀಟರ್ ಗಾಳಿಯಲ್ಲಿ ಉಸಿರಿಗೆ ಇಳಿಯುವ ಸಿಲಿಕಾ 50 ಮೈಕ್ರೊಗ್ರಾಂ ಮೀರಬಾರದು ಎನ್ನುತ್ತದೆ. ಎಂಟು ಗಂಟೆ ದುಡಿಯುವಾತ ಸುಮಾರು 10 ಘನ ಮೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ಲೆಕ್ಕ ಹಾಕಿದರೆ ದಿನಕ್ಕೆ ಅರ್ಧ ಮಿಲಿಗ್ರಾಂ. ಒಂದು ರಾಗಿ ಕಾಳು ಸುಮಾರು ಎರಡೂವರೆ ಮಿಲಿಗ್ರಾಂ ತೂಗುತ್ತದೆ. ದಿನವೊಂದಕ್ಕೆ ಒಂದು ರಾಗಿ ಕಾಳಿನ ಐದನೇ ಒಂದು ಪಾಲು, ಅದೇ ಎಲ್ಲೆ. 2025ರವರೆಗೆ ಜಾರಿಯಲ್ಲಿದ್ದ ನಮ್ಮ ಕಾರ್ಖಾನೆ ಕಾಯ್ದೆಯ 2ನೇ ಅನುಸೂಚಿಯಲ್ಲಿ ಬೆಣಚಿನ ಪ್ರಮಾಣ ನೋಡಿ ಮಿತಿ ಲೆಕ್ಕ ಹಾಕುವ ಸೂತ್ರವಿತ್ತು. ಉಸಿರಿಗಿಳಿಯುವ ಧೂಳಿನಲ್ಲಿ ನೂರಕ್ಕೆ 30 ಬೆಣಚಿದ್ದರೆ ಅದು ಹೆಚ್ಚುಕಡಿಮೆ ಅಮೆರಿಕದ ಮಿತಿಯ ಎರಡರಷ್ಟಕ್ಕೆ ಬರುತ್ತಿತ್ತು, ರಾಗಿ ಕಾಳಿನ ಐದರಲ್ಲಿ ಎರಡು ಪಾಲು. ಅಷ್ಟನ್ನಾದರೂ ಕಾಪಾಡಿದರೆ ಎಷ್ಟೋ ಜೀವ ಉಳಿಯುತ್ತದೆ.

ಸಿಲಿಕೋಸಿಸ್ ಎಲ್ಲೋ ದೂರದ ಕಾಯಿಲೆ ಎಂದುಕೊಳ್ಳಬೇಡಿ. ಭಾರತದಲ್ಲಿ ಈ ರೋಗದ ಮೊದಲ ವರದಿ ಬಂದದ್ದೇ ನಮ್ಮ ರಾಜ್ಯದಿಂದ, ಕೋಲಾರದ ಚಿನ್ನದ ಗಣಿಯಿಂದ, 1947ರಲ್ಲಿ. ಪರೀಕ್ಷಿಸಿದ ಗಣಿ ಕಾರ್ಮಿಕರಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರಲ್ಲಿ ಅದು ಕಂಡಿತು. ಕೋಲಾರದ ಚಿನ್ನವೂ ಬೆಣಚಿನ ಎಳೆಯೊಳಗೇ ಇತ್ತು. ಬೆಣಚು ಪುಡಿ ಮಾಡದೆ ಚಿನ್ನ ಬರುತ್ತಿರಲಿಲ್ಲ. ಆ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಆದ ಅನ್ಯಾಯ ಬೇಕಾದಷ್ಟಿದೆ. ಆದರೂ ಒಂದು ಮಾತು ನಿಜ: ಅಲ್ಲಿ ಸಾವಿರಾರು ಕಾರ್ಮಿಕರು ಒಂದೇ ಕಡೆ ಇದ್ದರು, ಕಂಪನಿಯ ಹಾಜರಿ ಪುಸ್ತಕವಿತ್ತು, ಆಸ್ಪತ್ರೆ ಇತ್ತು, ಎಕ್ಸ್-ರೇ ಇತ್ತು. ಎಣಿಸಿದರು, ಆದ್ದರಿಂದ ಸಿಕ್ಕಿತು. ನಮ್ಮ ನಾಲ್ಕು ತಾಲ್ಲೂಕಿನ ಕ್ವಾರಿ, ಕ್ರಷರುಗಳಲ್ಲಿ ಒಂದು ಕಡೆ ಎಂಟು ಜನ, ಇನ್ನೊಂದು ಕಡೆ ಹನ್ನೆರಡು ಜನ. ಮೇಸ್ತ್ರಿ ಕರೆದ ಕಡೆಗೆ ಕೆಲಸ. ಪಾವಗಡದ ಕಡೆಯವರು ಇವತ್ತು ಇಲ್ಲಿ, ನಾಳೆ ಗಡಿಯಾಚೆ ಮಡಕಶಿರಾದಲ್ಲಿ, ಪೆನುಕೊಂಡದಲ್ಲಿ. ಈಚೆಗೆ ಒಡಿಶಾ, ಬಿಹಾರ, ಜಾರ್ಖಂಡಿನ ಹುಡುಗರೂ ಇದ್ದಾರೆ. ಕೆಮ್ಮು ಹೆಚ್ಚಾದ ದಿನ ಅವರು ರೈಲು ಹತ್ತುತ್ತಾರೆ. ಅವರ ಸಾವು ನಮ್ಮ ಜಿಲ್ಲೆಯ ಯಾವ ಪುಸ್ತಕಕ್ಕೂ ಏರದು.

ಮಧ್ಯಪ್ರದೇಶದ ಅಲಿರಾಜಪುರ, ಝಾಬುವಾ, ಧಾರ್ ಜಿಲ್ಲೆಗಳ ಆದಿವಾಸಿಗಳಿಗೆ ಇದೇ ಆಯಿತು. ಗುಜರಾತಿನ ಗೋಧ್ರಾ ಕಡೆಯ ಬೆಣಚುಕಲ್ಲು ಪುಡಿ ಮಾಡುವ ಕಾರ್ಖಾನೆಗಳಿಗೆ ಹೋದರು, ಕೆಲವೇ ತಿಂಗಳು ದುಡಿದರು, ಊರಿಗೆ ಬಂದು ಸತ್ತರು. ಸತ್ತದ್ದು ಒಂದು ರಾಜ್ಯದಲ್ಲಿ, ಧೂಳು ಕುಡಿದದ್ದು ಇನ್ನೊಂದರಲ್ಲಿ. ಊರಿನವರು, ಸಂಘಟನೆಗಳವರು ಮನೆಮನೆಗೆ ಹೋಗಿ ಹೆಸರು ಬರೆದುಕೊಂಡರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2016ರಲ್ಲಿ ಕೋರ್ಟು 238 ಮೃತರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡುವಂತೆ ಗುಜರಾತ್ ಸರ್ಕಾರಕ್ಕೆ ಆದೇಶಿಸಿತು. ಹೆಸರು ಬರೆದಿಟ್ಟದ್ದರಿಂದ 238 ಎಂಬ ಸಂಖ್ಯೆ ಬಂತು, ಸಂಖ್ಯೆಯಿಂದ ಆದೇಶ ಬಂತು.

ಕಾನೂನು ಇಲ್ಲವೆಂದೇನಿಲ್ಲ. 1948ರ ಕಾರ್ಖಾನೆ ಕಾಯ್ದೆಯ 3ನೇ ಅನುಸೂಚಿಯಲ್ಲಿ ಸಿಲಿಕೋಸಿಸ್ ವರದಿ ಮಾಡಲೇಬೇಕಾದ ಕಾಯಿಲೆಯಾಗಿತ್ತು. ಅದರ ಜಾಗಕ್ಕೆ 2025ರಲ್ಲಿ ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯ ಪಟ್ಟಿಯಲ್ಲೂ ಅದು ಇದೆ. ಕ್ವಾರಿಯೂ ಕಾನೂನಿನ ಕಣ್ಣಿಗೆ ಗಣಿಯೇ. 1952ರ ಗಣಿ ಕಾಯ್ದೆ, 1955ರ ಗಣಿ ನಿಯಮಗಳ ಪ್ರಕಾರ ಕೆಲಸಕ್ಕೆ ಸೇರುವಾಗಲೂ, ಆಮೇಲೆ ಐದು ವರ್ಷಕ್ಕೊಮ್ಮೆಯೂ ವೈದ್ಯಕೀಯ ಪರೀಕ್ಷೆ ಆಗಬೇಕಿತ್ತು. 1923ರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಸಿಲಿಕೋಸಿಸ್ ಕೂಡ, ಅದರ ಜೊತೆ ಬರುವ ಟಿ.ಬಿ. ಕೂಡ ಸೇರಿತ್ತು. ಕ್ರಷರುಗಳಿಗೆಂದೇ ರಾಜ್ಯದಲ್ಲಿ 2011ರ ಕಾಯ್ದೆ ಇದೆ. ಇಷ್ಟೆಲ್ಲ ಕಾನೂನಿಗೆ ಒಂದೇ ಬೀಗದ ಕೈ: ಇದು ಸಿಲಿಕೋಸಿಸ್ ಎಂದು ವೈದ್ಯ ಬರೆದು ಸಹಿ ಹಾಕಿದ ಕಾಗದ. ಕಾರ್ಖಾನೆಯಲ್ಲಿ ದುಡಿದವನಲ್ಲಿ ಈ ರೋಗ ಕಂಡರೆ ಮುಖ್ಯ ಕಾರ್ಖಾನೆ ನಿರೀಕ್ಷಕರಿಗೆ ತಿಳಿಸುವ ಹೊಣೆಯನ್ನು ಕಾಯ್ದೆ ವೈದ್ಯನ ಮೇಲೇ ಹೊರಿಸಿತ್ತು. ನನ್ನ ನೌಕರಿಯ ಮೊದಲ ಹದಿನಾರು ವರ್ಷ ನಾನು ಅಂಥ ಒಂದೂ ವರದಿ ಕಳಿಸಲಿಲ್ಲ. ಯಾರೂ ಕೇಳಲೂ ಇಲ್ಲ. ಇದನ್ನು ಈ ವೇದಿಕೆಯಲ್ಲಿ ಹೇಳದೆ ಇಳಿದರೆ ನಾನು ಉಳಿದ ಮಾತು ಆಡಲು ಅರ್ಹನಲ್ಲ.

ರಾಜಸ್ಥಾನ 2019ರಲ್ಲಿ ಒಂದು ನೀತಿ ತಂದಿತು. ಕಾರ್ಮಿಕ ತಾನೇ ನೋಂದಾಯಿಸಿಕೊಳ್ಳಬಹುದು. ವೈದ್ಯರ ಮಂಡಳಿ ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟರೆ 3 ಲಕ್ಷ ರೂಪಾಯಿ, ತೀರಿಕೊಂಡರೆ ಕುಟುಂಬಕ್ಕೆ ಮತ್ತೆ 2 ಲಕ್ಷ, ಜೊತೆಗೆ ಮಾಸಾಶನ. ಮಾಲೀಕ ಯಾರು, ಹಾಜರಿ ಪುಸ್ತಕ ಎಲ್ಲಿ ಎಂದು ಬಡವನನ್ನು ಅಲೆದಾಡಿಸುವುದಕ್ಕಿಂತ ಇದು ಎಷ್ಟೋ ಮೇಲು. ನಮ್ಮ ಸರ್ಕಾರ ಆ ನೀತಿಯನ್ನು ತರಿಸಿ ಓದಲಿ. ದುಡ್ಡಿಗೂ ದಾರಿಯಿದೆ: 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಗಣಿಗಾರಿಕೆಯಿಂದ ಬಾಧೆಗೊಳಗಾದವರ ಸಲುವಾಗಿಯೇ ಇರುವುದು. ಒಂದು ಎಕ್ಸ್-ರೇ ಗಾಡಿ ನಾಲ್ಕು ತಾಲ್ಲೂಕಿನ ಕಲ್ಲು ಕೆಲಸದ ಊರುಗಳನ್ನು ವರ್ಷಕ್ಕೊಮ್ಮೆ ಸುತ್ತಲಿ. ದೇವನಹಳ್ಳಿ ತಾಲ್ಲೂಕಿನ ಪೂಜನಹಳ್ಳಿಯಲ್ಲಿ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ಕೊರಟಗೆರೆಯಿಂದ ಎರಡು ಗಂಟೆಯ ದಾರಿ. ಪಾವಗಡದಲ್ಲಿ ಶ್ರೀ ರಾಮಕೃಷ್ಣ ಸೇವಾಶ್ರಮ ಸ್ವಾಮಿ ಜಪಾನಂದರ ಮುಂದಾಳತ್ವದಲ್ಲಿ ಕ್ಷಯ ಮತ್ತು ಕುಷ್ಠರೋಗಿಗಳ ಸೇವೆಯನ್ನು ವರ್ಷಗಳಿಂದ ಮಾಡಿಕೊಂಡು ಬಂದಿದೆ. ಪ್ರತಿ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರು ಕೆಮ್ಮಿನವರನ್ನು ಹುಡುಕುತ್ತಲೇ ಇದ್ದಾರೆ. ಹೊಸದಾಗಿ ಏನೂ ಕಟ್ಟಬೇಕಾಗಿಲ್ಲ. ಕೆಮ್ಮಿನವರ ಪಟ್ಟಿಗೆ ‘ಕಸುಬು’ ಎಂಬ ಒಂದು ಮನೆ ಸೇರಿಸಿದರೆ ಕೆಲಸ ಶುರುವಾಯಿತು.

ಈಗ ನೀರಿನ ಮಾತು. ಧೂಳಿಗೆ ಮದ್ದು ನೀರೇ. ಗುಳಿ ಹೊಡೆಯುವಾಗ ನೀರು ಬಿಟ್ಟರೆ ಪುಡಿ ಕೆಸರಾಗಿ ನೆಲಕ್ಕೆ ಇಳಿಯುತ್ತದೆ. ಇದನ್ನು ಹೇಳಿದಾಗಲೆಲ್ಲ ಒಬ್ಬರಲ್ಲ ಒಬ್ಬರು ಎದ್ದು ಕೇಳುತ್ತಾರೆ: “ಸಾರ್, ಸಾವಿರ ಅಡಿ ಕೊರೆದರೂ ಬೋರಿನಲ್ಲಿ ನೀರಿಲ್ಲ. ಬಂದರೂ ಫ್ಲೋರೈಡು. ಪಾವಗಡದಲ್ಲಿ ಕುಡಿಯೋಕೇ ನೀರಿಲ್ಲ, ಬಂಡೆಗೆ ಎಲ್ಲಿಂದ ತರೋಣ?” ನ್ಯಾಯವಾದ ಪ್ರಶ್ನೆ. ಅದಕ್ಕೇ ಲೆಕ್ಕ ಹಾಕಿದೆ. ಕಾಂಕ್ರೀಟ್ ಒಡೆಯುವ ಜಾಕ್ ಹ್ಯಾಮರಿಗೆ ಸಣ್ಣ ಸಿಂಪಡಿಕೆ ನಳಿಕೆ ಕೂರಿಸಿ ಅಮೆರಿಕದಲ್ಲಿ ಪರೀಕ್ಷೆ ಮಾಡಿದ್ದಾರೆ. ನಿಮಿಷಕ್ಕೆ ಸುಮಾರು 350 ಮಿಲಿಲೀಟರ್ ನೀರಿಗೆ ಉಸಿರಿಗಿಳಿಯುವ ಧೂಳು ನೂರಕ್ಕೆ 70ಕ್ಕಿಂತ ಹೆಚ್ಚು ತಗ್ಗಿತು. ಗಂಟೆಗೆ 21 ಲೀಟರ್. ದಿನಕ್ಕೆ ಐದು ಗಂಟೆ ಮಿಷನ್ ಓಡಿದರೆ 105 ಲೀಟರ್. ನಮ್ಮ ಪ್ಲಾಸ್ಟಿಕ್ ಕೊಡದಲ್ಲಿ ಏಳು ಕೊಡ. ಬಂಡೆಗೆ ಗುಳಿ ಹೊಡೆಯಲು ಇದರ ಎರಡರಷ್ಟು ಬೇಕು ಎಂದೇ ಹಿಡಿಯೋಣ, ಹದಿನಾಲ್ಕು ಕೊಡ. ಕುಡಿಯುವ ನೀರೇ ಆಗಬೇಕಿಲ್ಲ, ಹಳೆಯ ಕ್ವಾರಿಯ ಗುಂಡಿಯಲ್ಲಿ ನಿಂತ ಮಳೆನೀರನ್ನು ಸೋಸಿ ಬಳಸಬಹುದು. ಕ್ರಷರಿಗೆ ಇನ್ನೂ ಬೇಕಾಗುತ್ತದೆ ನಿಜ. ಆದರೆ ಅಲ್ಲಿ ಕಲ್ಲು ಬೀಳುವ ಬಾಯಿಗೆ, ಬೆಲ್ಟಿನಿಂದ ಜಲ್ಲಿ ಉದುರುವ ಕಡೆಗೆ ತುಂತುರು ಬಿಟ್ಟು, ಜರಡಿಗೆ ತಗಡು ಮುಚ್ಚಿ, ಸುತ್ತ ಗಾಳಿ ತಡೆಯುವ ಗೋಡೆ ಎಬ್ಬಿಸಿದರೆ ಧೂಳಿನ ಬಹುಪಾಲು ಅಲ್ಲೇ ನಿಲ್ಲುತ್ತದೆ.

ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ. ಫಲಕದ ಮೇಲೆ ಧೂಳು ಕೂತರೆ ವಿದ್ಯುತ್ ತಗ್ಗುತ್ತದೆ ಎಂದು ಅಲ್ಲಿ ಎಲ್ಲರಿಗೂ ಗೊತ್ತು. ತೊಳೆಯುವುದಕ್ಕೆ, ಒರೆಸುವುದಕ್ಕೆ ವ್ಯವಸ್ಥೆ ಇದೆ, ಖರ್ಚಿನ ಲೆಕ್ಕ ಇದೆ. ಅದು ಇರಬೇಕಾದದ್ದೇ. ಅದೇ ತಾಲ್ಲೂಕಿನಲ್ಲಿ ಮನುಷ್ಯನ ಎದೆಯ ಮೇಲೆ ಕೂರುವ ಧೂಳಿಗೂ ಹದಿನಾಲ್ಕು ಕೊಡ ನೀರಿನ ಲೆಕ್ಕ ಇಡಿ ಎಂದು ಮಾಲೀಕರನ್ನು, ಅಧಿಕಾರಿಗಳನ್ನು ಕೈಮುಗಿದು ಕೇಳುತ್ತೇನೆ. ಕೊಡದಿದ್ದರೆ ಕಾನೂನಿನ ಮೂಲಕ ಕೇಳುವ ಹಕ್ಕೂ ನಮಗಿದೆ. ಕಾರ್ಮಿಕನ ಆರೋಗ್ಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 1995ರಲ್ಲಿ ಕಲ್ನಾರು ಕಾರ್ಮಿಕರ ಪ್ರಕರಣದಲ್ಲೇ ಹೇಳಿದೆ.

ರೋಗ ಬಂದವರಿಗೆ ಏನೂ ಮಾಡಲಾಗದು ಎಂದು ನಾನು ಹೇಳಿದೆನೆಂದು ತಿಳಿಯಬೇಡಿ. ಧೂಳಿನಿಂದ ಹೊರಗೆ ಬರುವುದು ಮೊದಲ ಚಿಕಿತ್ಸೆ, ಬೇಗ ಬಂದಷ್ಟೂ ಉಸಿರು ಹೆಚ್ಚು ಉಳಿಯುತ್ತದೆ. ಬೇರೆ ಕೂಲಿ ಕೊಡಿಸದೆ ಕ್ವಾರಿ ಬಿಡು ಎಂದರೆ ಆ ಮಾತಿಗೆ ಬೆಲೆಯಿಲ್ಲ, ಅದೂ ಗೊತ್ತು. ಟಿ.ಬಿ. ಇದೆಯೇ ಎಂದು ಮತ್ತೆ ಮತ್ತೆ ನೋಡುವುದು, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ, ಉಸಿರಿನ ವ್ಯಾಯಾಮ, ಬೇಕಾದವರಿಗೆ ಇನ್‌ಹೇಲರ್, ಕೊನೆಯ ದಿನಗಳಲ್ಲಿ ಮನೆಯಲ್ಲೇ ಆಮ್ಲಜನಕ. ಇವು ನಮ್ಮ ಕೈಯಳತೆಯಲ್ಲಿವೆ.

ವಿದ್ಯಾರ್ಥಿ ಮಿತ್ರರೇ, ಕೊನೆಗೆ ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮ ಊರಿನಲ್ಲಿ, ಕೇರಿಯಲ್ಲಿ, ಬಹುಶಃ ನಿಮ್ಮ ಮನೆಯಲ್ಲೇ, ಬಂಡೆ ಕೆಲಸ ಮಾಡಿ ಈಗ ಕೆಮ್ಮುತ್ತಾ ಜಗಲಿಯಲ್ಲಿ ಕೂತವರು ಇರಬಹುದು. ಅವರ ಪಕ್ಕ ಕೂತು ಒಂದು ನೋಟ್ ಪುಸ್ತಕದ ಹಾಳೆಯಲ್ಲಿ ಬರೆಯಿರಿ: ಯಾವ ವಯಸ್ಸಿಗೆ ಕೆಲಸಕ್ಕೆ ಸೇರಿದರು, ಯಾವ ಯಾವ ಕ್ವಾರಿ, ಯಾವ ಕ್ರಷರ್, ಎಷ್ಟೆಷ್ಟು ವರ್ಷ, ಮೇಸ್ತ್ರಿ ಯಾರು, ಜೊತೆಗೆ ಯಾರಿದ್ದರು, ಅವರಲ್ಲಿ ಯಾರು ಈಗಿಲ್ಲ. ತಾರೀಖು ಹಾಕಿ, ಅವರ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿ. ಹಳೆಯ ಎಕ್ಸ್-ರೇ ಹಾಳೆಗಳು ಮನೆಯಲ್ಲಿದ್ದರೆ ಎಸೆಯಲು ಬಿಡಬೇಡಿ. ಆ ಹಾಳೆಯನ್ನೂ ಎಕ್ಸ್-ರೇಯನ್ನೂ ಒಂದೇ ಚೀಲಕ್ಕೆ ಹಾಕಿ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅವರ ಜೊತೆ ನೀವೂ ಹೋಗಿ. ವೈದ್ಯರು ಕೇಳದಿದ್ದರೆ ನೀವೇ ಮೇಜಿನ ಮೇಲೆ ಇಡಿ.